ಹದಿನಾರನೇ ಚಾನೆಲ್ಲಿನ ಉಸಿರು

ನಂಬುವುದು ಬಿಡುವುದು ನಿಮಗೆ ಸೇರಿದ್ದು. ವಿಜಯಪುರದವನಿಗೂ ಸಮುದ್ರಕ್ಕೂ ಎಲ್ಲಿಯ ಸಂಬಂಧ ಅಂತ ಸ್ಟೇಷನ್ ರಸ್ತೆಯ ಚಹಾದಂಗಡಿಯಲ್ಲಿ ನಗುತ್ತಾರೆ. ನಗಲಿ. ಆ ರಾತ್ರಿ ದೋಣಿಯಲ್ಲಿ ವೈರ್‌ಲೆಸ್ ಹಿಡಿದು ಕೂತಿದ್ದವನು ನಾನು, ಅವರಲ್ಲ.

ಕಳ್ಳಕವಟಗಿಯ ನಾನು, ಹತ್ತಿರದ ಟಿಕೋಟಾದ ಶಂಕರ, ಇಬ್ಬರೂ ಒಟ್ಟಿಗೇ ಕರಾವಳಿಗೆ ಕೂಲಿಗೆ ಹೋದವರು. ಅವನೊಂದು ಮೀನಿನ ದೋಣಿ ಸೇರಿದ, ನಾನೊಂದು. ಇಬ್ಬರಿಗೂ ಸಿಕ್ಕಿದ್ದು ವೈರ್‌ಲೆಸ್ಸಿನ ಕೆಲಸ. ಒಂದು ದಿನ ಅವರ ದೋಣಿ ನಮ್ಮ ಬಲೆ ಹರಿದುಕೊಂಡು ಹೋಯಿತು. ಅದು ಸಾಲದೆಂದು ಶಂಕರ, ಎಲ್ಲ ದೋಣಿಗಳಿಗೂ ಕೇಳುವಂತೆ, ಎಮ್ಮೆ ಕಾಯುವ ಮಲ್ಲ್ಯಾನಿಗೆ ಸಮುದ್ರ ಯಾಕೆ ಅಂತ ನನ್ನನ್ನು ಆಡಿಕೊಂಡ. ಮೈಯೆಲ್ಲ ಉರಿದುಹೋಯಿತು.

ನಾಲ್ಕು ದಿನ ಕಳೆದಿರಬೇಕು. ನಡುರಾತ್ರಿ, ಹದಿನಾರನೇ ಚಾನೆಲ್ಲಿನಲ್ಲಿ ಅವನ ದನಿ. ಮೇಡೇ, ಮೇಡೇ, ಮೇಡೇ... ಆಪತ್ತಿನಲ್ಲಿ ಹೀಗೆ ಮೂರು ಸಲ ಕೂಗಬೇಕು. ದೋಣಿಯ ಹೆಸರು ಹೇಳಿದ, ನೀರು ನುಗ್ಗುತ್ತಿದೆ ಅಂದ. ಕೇಳಿದವನು ಉತ್ತರ ಕೊಡಬೇಕು, ದಡಕ್ಕೆ ಸುದ್ದಿ ಮುಟ್ಟಿಸಬೇಕು. ಕಡಲಿನ ಧರ್ಮ ಅದು.

ದೋಣಿ ನಡೆಸುವ ತಾಂಡೇಲ ನಿದ್ದೆಯಲ್ಲಿದ್ದ. ನಾನು ಎಬ್ಬಿಸಲಿಲ್ಲ. ಮೈಕಿನ ಬಟನ್ ಒತ್ತಿ ಹಿಡಿದೆ. ಹಾಗೆ ಹಿಡಿದರೆ ಆ ಚಾನೆಲ್ಲಿನಲ್ಲಿ ಬೇರೆಯವರ ಕರೆ ಮುಳುಗಿಹೋಗುತ್ತದೆ. ಸ್ವಲ್ಪ ಒದ್ದಾಡಲಿ, ಆಮೇಲೆ ಬಿಟ್ಟರಾಯಿತು ಅಂದುಕೊಂಡೆ.

ಬಿಟ್ಟಾಗ ಚಾನೆಲ್ ಖಾಲಿ. ಆ ದೋಣಿಯವರು ಯಾರೂ ಮರಳಲಿಲ್ಲ.

ಮುಂದಿನ ವರ್ಷ ಅದೇ ನೀರಿನಲ್ಲಿ ನಮ್ಮ ಎಂಜಿನ್ ನಿಂತಿತು. ತಳದ ಹಲಗೆ ಬಿಟ್ಟುಕೊಂಡು, ಡೀಸೆಲ್ ವಾಸನೆಯ ನೀರು ಮೊಣಕಾಲಿಗೆ ಬಂತು. ಮೈಕ್ ಹಿಡಿದು ಮೂರು ಸಲ ಕೂಗಿದೆ. ಉತ್ತರ ಕೇಳಲು ಬಟನ್ ಬಿಟ್ಟೆ...

ಆ ಕಡೆ ಯಾರೋ ಬಟನ್ ಒತ್ತಿ ಹಿಡಿದಿದ್ದರು. ಮಾತಿಲ್ಲ. ಬರೀ ಉಸಿರು. ಗಂಟಲಲ್ಲಿ ನೀರು ತುಂಬಿದವರ ಗುಳುಗುಳು ಉಸಿರು.

ಮತ್ತೆ ಕೂಗಿದೆ. ಮತ್ತೆ ಉಸಿರು. ಮೂರನೆಯ ಸಲ ಶಂಕರನ ದನಿ ಬಂತು, ಮೆಲ್ಲಗೆ.

"ಮಲ್ಲ್ಯಾ... ನಾ ಹಿಡದೇನಿ. ನೀ ಒದರು."

ಬೆಳಗಿನ ಜಾವ ಬೇರೊಂದು ದೋಣಿ ತಾನಾಗಿಯೇ ಅತ್ತ ಬಂತು. ಖಾಲಿ ಡ್ರಮ್ ಅಪ್ಪಿಕೊಂಡು ತೇಲುತ್ತಿದ್ದ ನಾನೊಬ್ಬನೇ ಉಳಿದಿದ್ದೆ. ರಾತ್ರಿಯೆಲ್ಲ ಹತ್ತಿರದಲ್ಲೇ ಇದ್ದರೂ ನಿನ್ನ ಕರೆ ಒಂದೂ ಕೇಳಲಿಲ್ಲ ಅಂದರು.

ಊರಿಗೆ ಬಂದವನೇ ಟಿಕೋಟಾಕ್ಕೆ ಹೋಗಿ ಶಂಕರನ ತಾಯಿಯ ಕಾಲು ಹಿಡಿದೆ. ಎಲ್ಲವನ್ನೂ ಹೇಳಿದೆ. ಕ್ಷಮಿಸಿದೆ ಅನ್ನುವ ಒಂದು ಮಾತು ಸಿಗದಿದ್ದರೆ ಬದುಕಲಾರೆ ಅನಿಸಿತ್ತು. ಆಕೆ ಅಳಲಿಲ್ಲ, ರೊಟ್ಟಿ ಬಡಿಯುವುದನ್ನೂ ನಿಲ್ಲಿಸಲಿಲ್ಲ. ಬಿಸಿ ರೊಟ್ಟಿಯೊಂದನ್ನು ತಾಟಿಗೆ ಹಾಕಿ ನನ್ನ ಮುಂದೆ ಸರಿಸಿದಳು.

"ಗೊತ್ತೈತಿ ಯಪ್ಪಾ. ಅಂವ ಆವತ್ತ ರಾತ್ರಿನ ಬಂದು ಹೇಳ್ಯಾನ. ನಿನ್ನ ಬಿಡಬ್ಯಾಡಂತ ನಾನ ಹೇಳಿ ಕಳಿಸೇನಿ. ಉಣ್ಣು."

ಬೇಡ ಅನ್ನುವ ಧೈರ್ಯ ಬರಲಿಲ್ಲ, ಉಂಡೆ. ಆಕೆ ಬಾಗಿಲ ಕಡೆಗೊಮ್ಮೆ ನೋಡಿ, ನನ್ನ ಮಗ್ಗುಲಿಗೆ ಇನ್ನೊಂದು ತಾಟು ಇಟ್ಟು ಅದಕ್ಕೂ ರೊಟ್ಟಿ ಬಡಿಸಿದಳು. ನಾನು ಆ ಕಡೆ ತಿರುಗಲಿಲ್ಲ.

ಈಗ ವಿಜಯಪುರದ ಜೋರಾಪುರ ಪೇಟೆಯಲ್ಲಿ ಬಾಡಿಗೆಗಿದ್ದೇನೆ. ತಿಂಗಳಿಗೊಮ್ಮೆ ಟಿಕೋಟಾಕ್ಕೆ ಹೋಗುತ್ತೇನೆ, ಆಕೆ ಹೊಟ್ಟೆ ತುಂಬ ಉಣಿಸಿ ಕಳಿಸುತ್ತಾಳೆ. ಆ ಒಂದು ಮಾತನ್ನು ಮಾತ್ರ ಇನ್ನೂ ಅಂದಿಲ್ಲ...