ನಡುಮನೆಯ ಹಿತ್ತಾಳೆ ಬಿಲ್ಲೆಗಳು

ಕೇಳಿರಿ, ಬಂಧುಗಳೇ, ಕೈಯಲ್ಲಿರುವ ಕೆಲಸವನ್ನು ಒಂದು ಗಳಿಗೆ ಬದಿಗಿರಿಸಿ ಕೇಳಿರಿ. ‘ನಮ್ಮ ತಾತ ತುಪ್ಪ ತಿಂದಿದ್ದ, ನನ್ನ ಕೈ ಮೂಸಿ ನೋಡಿ’ ಎನ್ನುವ ಮಹನೀಯರನ್ನು ನೀವೂ ಕಂಡಿದ್ದೀರಿ. ತಾತ ತಿಂದದ್ದು ಏನೆಂದು ವಿಚಾರಿಸದೆಯೇ ಕೈಯನ್ನು ಊರ ಮೂಗಿಗೆ ಹಿಡಿದ ಮನೆಯೊಂದಿತ್ತು. ಆ ಮನೆಗೆ ಸೊಸೆಯಾಗಿ ಬಂದು, ಅದನ್ನು ವಿಚಾರಿಸಿದ ಹೆಣ್ಣುಮಗಳ ಬದುಕು ಇದು.

ಆಕೆ ಬಸ್ಸಿನ ಕಂಡಕ್ಟರು. ದಾರಿಯುದ್ದಕ್ಕೂ ಎಲ್ಲರಿಗೂ ಕಂಡಕ್ಟರಮ್ಮ. ಹೆಗಲಿಗೆ ಚರ್ಮದ ಚೀಲ, ಬೆರಳ ಸಂದಿಯಲ್ಲಿ ಉದ್ದಕ್ಕೆ ಮಡಿಚಿದ ನೋಟು, ಕೊರಳಲ್ಲಿ ಸೀಟಿ. ಬಾಗಿಲಲ್ಲಿ ನೇತಾಡುವವರಿಗೆ, “ಒಳಗೆ ಬನ್ನಿ ಸ್ವಾಮಿ, ಬಸ್ಸಿಗೆ ತೋರಣ ಬೇಕಾಗಿಲ್ಲ” ಎನ್ನುವಳು. ಕೊನೆಯ ನಿಲ್ದಾಣದಲ್ಲಿ ಡ್ರೈವರು ಎಷ್ಟೇ ಗೊಣಗಲಿ, ಹಿಂದಿನ ಸೀಟಿನವರೆಗೆ ನಡೆದು, ನಿದ್ದೆಹೋದವರನ್ನು ಎಬ್ಬಿಸಿ ಇಳಿಸದೆ ಬಸ್ಸನ್ನು ಬಿಟ್ಟವಳಲ್ಲ.

ಆಕೆಯ ಗಂಡನ ಮನೆ ಹೊಲದ ನಡುವೆ. ಹಿಂದುಗಡೆ ಒಂದು ಮಣ್ಣುದಿಬ್ಬ, ದಿಬ್ಬದ ಬುಡದಲ್ಲಿ ಪೊದೆ ಮುಚ್ಚಿದ ಗುಂಡಿ. ಒಂದು ಕಾಲದಲ್ಲಿ ಅದು ತಾಮ್ರದ ಗಣಿಯ ಬಾಯಿ. ಗಣಿ ನಿಂತು ಎರಡು ತಲೆಮಾರಾಗಿತ್ತು. ಜಂಬ ಮಾತ್ರ ನಿಂತಿರಲಿಲ್ಲ. ಆ ಜಂಬದ ವಾರಸುದಾರ ಗಂಡನ ಅಣ್ಣ, ಅಂದರೆ ಆಕೆಯ ಭಾವ. ತಾತ ತೀರಿದ ಮೇಲೆ ಅಟ್ಟ ಗುಡಿಸುವಾಗ ಆತನಿಗೆ ಗೋಣಿಯಲ್ಲಿ ಸುತ್ತಿಟ್ಟ ಒಂದು ಹಲಗೆ ಸಿಕ್ಕಿತ್ತು. ಹಲಗೆಯ ತುಂಬ ಮೊಳೆಗಳು, ಕೆಲವು ಮೊಳೆಗಳಲ್ಲಿ ಅಂಕಿ ಕೊರೆದ ಹಿತ್ತಾಳೆಯ ದುಂಡು ಬಿಲ್ಲೆಗಳು. ಭಾವ ಅವನ್ನು ಬೂದಿ ಹಚ್ಚಿ ಫಳಫಳ ಬೆಳಗಿ, ಹಲಗೆಗೆ ಚೌಕಟ್ಟು ಕಟ್ಟಿಸಿ, ನಡುಮನೆಯಲ್ಲಿ ಬಾಗಿಲಿಗೆ ಎದುರಾಗಿ ತೂಗುಹಾಕಿದ. ಬಂದವರಿಗೆಲ್ಲ, “ಇವೆಲ್ಲ ನಮ್ಮ ತಾತನಿಗೆ ಗಣಿ ಕಂಪನಿ ಕೊಟ್ಟ ಪದಕಗಳು” ಎಂದು ತೋರಿಸುವನು.

“ಒಂದನೇ ನಂಬರು ಕಾಣೋದಿಲ್ಲವಲ್ಲ?” ಎಂದು ಒಮ್ಮೆ ಬೀಗರೊಬ್ಬರು ಕೇಳಿದರು.

“ತಾತ ಕೊಡುಗೈ ಮನುಷ್ಯ. ಅದನ್ನ ಯಾರೋ ಬಡವರಿಗೆ ದಾನ ಮಾಡಿಬಿಟ್ಟರು.”

ಪದಕವನ್ನು ಬಡವ ಕುದಿಸಿ ಕುಡಿದನೋ ಹೇಗೋ, ಬೀಗರು ಕೇಳಲಿಲ್ಲ. ಆತಿಥ್ಯ ಚೆನ್ನಾಗಿರುವ ಮನೆಯಲ್ಲಿ ಪ್ರಶ್ನೆ ಕೇಳುವವರು ಕಡಿಮೆ.

ಹೀಗಿರಲು ಪಟ್ಟಣದ ಕಸದ ಗುತ್ತಿಗೆದಾರನ ಕಣ್ಣು ಆ ಗುಂಡಿಯ ಮೇಲೆ ಬಿತ್ತು. ಊರ ಕಸವನ್ನೆಲ್ಲ ತಂದು ತುಂಬಲು ಅಂಥ ಬಾಯಿ ಬೇರೆಲ್ಲಿ ಸಿಕ್ಕೀತು? ಭಾವ ಹಿರಿಹಿರಿ ಹಿಗ್ಗಿದ. ತಾತನ ಕೀರ್ತಿಯನ್ನು ಗೋಡೆಯ ಮೇಲೆ ತೂಗಿಸಿ, ತಾತನ ಗಣಿಗೆ ಕೊಳೆತ ಸಿಪ್ಪೆ ಸುರಿಸುವುದರಲ್ಲಿ ಆತನಿಗೆ ಅಡ್ಡಿಯೇನೂ ಕಾಣಲಿಲ್ಲ. ಆದರೆ ಗಣಿ ಯಾಕೆ ಮುಚ್ಚಿತು ಎಂಬ ವಿವರವನ್ನು ಕಚೇರಿಗೆ ಬರೆದುಕೊಡಬೇಕೆಂದು ಗುತ್ತಿಗೆದಾರ ಹೇಳಿದ. ಭಾವ ಕಂಡಕ್ಟರಮ್ಮನನ್ನು ಕರೆದ.

“ನೀನು ಹೇಗೂ ದಿನಾ ಊರೂರು ಸುತ್ತುತೀಯ. ನಾಲ್ಕು ಜನ ಹಳಬರನ್ನ ಕೇಳಿ ಬಾರಮ್ಮ. ತಾತನ ಹೆಸರು ಎತ್ತಿದರೆ ಸಾಕು, ಜನ ಕೈ ಮುಗಿದು ಹೇಳ್ತಾರೆ.”

ಆಕೆ ಕೇಳಿದಳು. ಟಿಕೆಟ್ಟು ಹರಿಯುತ್ತ, ಚಿಲ್ಲರೆ ಎಣಿಸುತ್ತ, ನರೆತ ತಲೆ ಕಂಡಲ್ಲೆಲ್ಲ ಕೇಳಿದಳು. ಕೈ ಮುಗಿದವರು ಒಬ್ಬರೂ ಇಲ್ಲ. ಯಾವ ಮನೆಯ ಸೊಸೆಯೆಂದು ತಿಳಿದ ಕೂಡಲೇ ಒಬ್ಬ ಕಿಟಕಿಯತ್ತ ತಿರುಗಿದ; ಇನ್ನೊಬ್ಬ, “ನಿಮ್ಮ ಮನೇಲೇ ಕೇಳ್ಕೊಳ್ಳಿ ತಾಯಿ, ನಮಗಿಂತ ಚೆನ್ನಾಗಿ ಗೊತ್ತು” ಎಂದು ನಿಲ್ದಾಣ ಬರುವ ಮೊದಲೇ ಎದ್ದು ನಿಂತ. ಆಗಲೇ ಆಕೆಗೆ ಸಂಶಯ ಹುಟ್ಟಿತು.

ಆಕೆಯ ಮಾರ್ಗದ ಕೊನೆಯಲ್ಲಿ, ಇಂದಿಗೂ ಕೆಲಸ ನಡೆಯುವ ಇನ್ನೊಂದು ಗಣಿಯಿದೆ. ಒಂದು ಮಧ್ಯಾಹ್ನ ಪಾಳಿ ಬಿಡುವ ಹೊತ್ತಿಗೆ ಬಸ್ಸು ಅಲ್ಲಿ ಕೆಟ್ಟು ನಿಂತಿತು. ಗೇಟಿನ ಪಕ್ಕದ ಗೋಡೆಯಲ್ಲಿ ಒಂದು ಹಲಗೆ. ಹಲಗೆಯ ತುಂಬ ಮೊಳೆಗಳು. ಮೊಳೆಗಳಲ್ಲಿ ಅಂಕಿ ಕೊರೆದ ದುಂಡು ಬಿಲ್ಲೆಗಳು. ಮೇಲೆ ಬಂದ ಒಬ್ಬೊಬ್ಬನೂ ತನ್ನ ಬಿಲ್ಲೆ ತೆಗೆದುಕೊಂಡು ಹೊರನಡೆಯುತ್ತಿದ್ದ. ಕೊನೆಗೆ ಒಂದೇ ಒಂದು ಉಳಿಯಿತು. ಗೇಟಿನವನು ಬೀಗ ಕೈಯಲ್ಲಿ ಹಿಡಿದು ಒಳಗಡೆಗೆ ಕೂಗತೊಡಗಿದ. ಬಹಳ ಹೊತ್ತಿನ ಮೇಲೆ ಪಾಯಿಖಾನೆಯ ಕಡೆಯಿಂದ ಒಬ್ಬ ಷರಾಯಿ ಬಿಗಿದುಕೊಳ್ಳುತ್ತ ಬಂದ.

“ಏನಯ್ಯ, ಅಲ್ಲೇ ಸಂಸಾರ ಹೂಡಿಬಿಟ್ಯೇನೋ ಅಂದ್ಕೊಂಡೆ.”

“ಹೊಟ್ಟೆ ಕೆಟ್ಟಿದೆ ಮಾರಾಯ. ನೀನು ಬೀಗ ಹಾಕ್ಕೊಂಡು ಹೋಗೋದಲ್ವಾ?”

“ಬಿಲ್ಲೆ ಇಲ್ಲಿ ನೇತಾಡ್ತಾ ಇರೋವಾಗ ಬೀಗ ಹಾಕೋಕೆ ನಾನೇನು ಕಟುಕನಾ?”

ಕಂಡಕ್ಟರಮ್ಮ ಹತ್ತಿರ ಹೋದಳು. “ಅಣ್ಣ, ಈ ಬಿಲ್ಲೆ ಯಾಕೆ?”

“ಇಳಿಯುವಾಗ ತಗುಲಿಸಿ ಇಳೀಬೇಕು, ಹತ್ತಿ ಬಂದ ಮೇಲೆ ತಗೊಂಡು ಹೋಗಬೇಕು ಕಂಡಕ್ಟರಮ್ಮ. ಹಳೇ ಕಾಲದಿಂದ ಬಂದ ಪದ್ಧತಿ. ಮೊಳೆ ಮೇಲೆ ಬಿಲ್ಲೆ ಉಳಿದಿದ್ರೆ ಆಳು ಇನ್ನೂ ಒಳಗೇ ಇದಾನೆ ಅಂತ.”

ಆಕೆ ಬಸ್ಸಿಗೆ ಬಂದು ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಬಂಧುಗಳೇ, ಆ ಮೆಟ್ಟಿಲ ಮೇಲೆ ನಾವೆಲ್ಲರೂ ಒಂದು ದಿನ ಕೂರಬೇಕಾದವರೇ. ನಡುಮನೆಯಲ್ಲಿ ಫಳಫಳ ಹೊಳೆಯುತ್ತಿದ್ದದ್ದು ತಾತನ ಪದಕಗಳಲ್ಲ. ಮೇಲೆ ಬಾರದೆ ಉಳಿದ ಮನುಷ್ಯರು.

ಆ ಮಾರ್ಗದಲ್ಲಿ ಒಬ್ಬ ಅಜ್ಜಿ ವಾರದ ಸಂತೆಗೆ ಬುಟ್ಟಿ ಮಾರಲು ಹೋಗುತ್ತಿದ್ದಳು. ಕಂಡಕ್ಟರಮ್ಮನ ಗಂಡನ ಮನೆಯ ಹೊಲ ಬಂದಾಗಲೆಲ್ಲ ಸೆರಗನ್ನು ಮುಖಕ್ಕೆ ಎಳೆದುಕೊಳ್ಳುವಳು. ಧೂಳಿಗೆಂದು ಎಲ್ಲರೂ ತಿಳಿದಿದ್ದರು. ಮುಂದಿನ ಸಂತೆಯ ದಿನ ಕಂಡಕ್ಟರಮ್ಮ ಆಕೆಯ ಪಕ್ಕ ಕುಳಿತು, ಬಿಲ್ಲೆಯ ವಿಷಯವನ್ನೇ ನೇರವಾಗಿ ಕೇಳಿದಳು.

“ನಮ್ಮಪ್ಪಂದು ಹದಿನೇಳು” ಎಂದಳು ಅಜ್ಜಿ. “ಅಂಗಡೀಲಿ ನಮ್ಮವ್ವನ್ನ ಹದಿನೇಳರ ಹೆಂಡ್ತಿ ಅಂತಲೇ ಕರೀತಿದ್ರು. ಒಳಗೆ ನೀರು ನುಗ್ತು. ಕಂಪನಿಯೋರು ಗಣಿ ಬಾಯಿಗೆ ಕಲ್ಲು ಮುಚ್ಚಿಸಿ, ಕೂಲಿಗಳೆಲ್ಲ ಊರು ಬಿಟ್ಟು ಓಡಿಹೋದ್ರು ಅಂದ್ರು. ಬಿಲ್ಲೆ ತೋರಿಸಿದ್ರೆ ತಾನೇ ಕೂಲಿ ಕೊಡ್ತಿದ್ದಿದ್ದು? ಅದನ್ನ ಬಿಟ್ಟು ಯಾರಾದ್ರೂ ಓಡ್ತಾರೇನವ್ವ? ಹಲಗೆ ತೋರಿಸಿ ಅಂತ ನಮ್ಮವ್ವ ಗೇಟಲ್ಲಿ ಕೂತು ಅತ್ತಳು. ಹಲಗೆ ಇಲ್ಲ ಅಂದ.”

“ಯಾರು ಅಂದದ್ದು ಅಜ್ಜಿ?”

“ಗೇಟು ಕಾಯೋನು. ನಿಮ್ಮೋರ ತಾತ. ಅವನ ಕೈಲೇ ಇತ್ತು ಹಲಗೆ. ಆಮೇಲೆ ಕಂಪನಿ ಅವನಿಗೆ ಈ ಭೂಮಿ ಬರೆದುಕೊಡ್ತು.”

ತಾತನಿಗೆ ದೇವರ ಭಯವಿರಲಿಲ್ಲ. ನಾಚಿಕೆಯಾದರೂ ಅಷ್ಟಿಷ್ಟು ಇತ್ತು, ಅಟ್ಟದಲ್ಲಿ ಬಚ್ಚಿಟ್ಟ. ಮೊಮ್ಮಗನಿಗೆ ಎರಡೂ ಇರಲಿಲ್ಲ, ಬೆಳಗಿ ಗೋಡೆಗೆ ತಗುಲಿಸಿದ. ಕಳ್ಳಮಾಲನ್ನು ಕಳ್ಳನ ಮೊಮ್ಮಗನೇ ಪ್ರದರ್ಶನಕ್ಕಿಟ್ಟು, ಬಂದವರಿಗೆ ಪಾನಕ ಕೊಟ್ಟು ಹೊಗಳಿಸಿಕೊಂಡ ಚೋದ್ಯವನ್ನು ಬೇರೆಲ್ಲಿ ಕಂಡಿದ್ದೀರಿ? ಈಗ ಆ ಗುಂಡಿಗೆ ಕಸದ ಲಾರಿಗಳು ಬಂದರೆ, ತಮ್ಮವರು ಎಲ್ಲಿ ಮಲಗಿದ್ದಾರೆಂದು ತಿಳಿಯುವ ಮೊದಲೇ ಆ ಅಜ್ಜಿಯಂಥ ಮಕ್ಕಳ ಅಪ್ಪಂದಿರ ಮೇಲೆ ಪಟ್ಟಣದ ಎಂಜಲೆಲ್ಲ ಬೀಳುವುದು. ಕಂಡಕ್ಟರಮ್ಮನಿಗೆ ಅದೊಂದೇ ಚಿಂತೆ.

ಗುತ್ತಿಗೆದಾರ ಮಾತು ಮುಗಿಸಲು ಬಂದ ದಿನ ಆಕೆ ಕೆಲಸಕ್ಕೆ ಹೋಗಲಿಲ್ಲ. ಭಾವ ಹಲಗೆಯ ಮುಂದೆ ನಿಂತು ಎಂದಿನ ಪಾಠ ಒಪ್ಪಿಸುತ್ತಿದ್ದ. ಆಕೆ ಗೇಟಿನವನ ಮಾತನ್ನೂ ಅಜ್ಜಿಯ ಮಾತನ್ನೂ ಇದ್ದದ್ದು ಇದ್ದಂತೆ ಹೇಳಿದಳು. ಭಾವನ ಮುಖ ಕಪ್ಪಿಟ್ಟಿತು.

“ತಾಮ್ರ ಮುಗೀತು, ಗಣಿ ಮುಚ್ಚಿತು ಅಂತ ಕೇಳ್ಕೊಂಡು ಬಾ ಅಂದ್ರೆ, ಮನೆ ಮಾನ ಬಸ್‌ಸ್ಟ್ಯಾಂಡಲ್ಲಿ ಹರಾಜು ಹಾಕಿ ಬಂದ್ಯಾ?”

“ಮಾನ ಇದ್ದಿದ್ರೆ ತಾನೇ ಭಾವ ಹರಾಜಿಗೆ?”

ಗುತ್ತಿಗೆದಾರ ಲೋಟ ಕೆಳಗಿಟ್ಟ. “ನನಗೆ ಕಸ ಸಾಕು ಸ್ವಾಮಿ, ಹೆಣದ ತಂಟೆ ಬೇಡ” ಎಂದು ಚಪ್ಪಲಿ ಹುಡುಕಿದ. ಸತ್ತವರ ಮೇಲಣ ಗೌರವದಿಂದಲ್ಲ, ಕೋರ್ಟಿನ ಭಯದಿಂದ.

ಆದರೆ ಭಾವ ಸೋಲೊಪ್ಪುವ ಪೈಕಿಯಲ್ಲ. ಹಲಗೆಯನ್ನು ಗುಂಡಿಗೆ ಎಸೆದು, ಮಣ್ಣು ಮುಚ್ಚಿಸಿ, ಭೂಮಿಯನ್ನು ಮಾತು ಕಡಿಮೆ ಆಡುವವರಿಗೆ ಮಾರುವುದಾಗಿ ಹೇಳಿದ. ಆಗ ಕಂಡಕ್ಟರಮ್ಮ ಪಾಲು ಕೇಳಿದಳು: ಗುಂಡಿಯ ಕಡೆಯ ಬೀಳು ಭೂಮಿ ಮತ್ತು ಆ ಹಲಗೆ, ಅಷ್ಟೇ ಸಾಕು, ಬಾವಿಯಿರುವ ಒಳ್ಳೆಯ ಹೊಲ ಭಾವನಿಗೇ ಇರಲಿ. ಅಣ್ಣ ಹಾಕಿದ ಗೆರೆ ದಾಟದ ಆಕೆಯ ಗಂಡ ಗಂಟಲು ಸರಿಮಾಡಿಕೊಂಡು, “ಹಾಗೇ ಆಗಲಿ ಅಣ್ಣ, ನಾನೂ ಒಪ್ಪಿದ್ದೀನಿ” ಎಂದ. ಭಾವ ಮೊದಲು ನಂಬಲಿಲ್ಲ; ನಂಬಿದ ಮೇಲೆ ನಗು ತಡೆಯಲಾಗಲಿಲ್ಲ. ಸಹಿ ಒಣಗುವ ಮುನ್ನವೇ ನೆಂಟರಿಗೆಲ್ಲ ಸುದ್ದಿ ಮುಟ್ಟಿತು. “ಹೊಲ ಬಿಟ್ಟು ಗುಂಡಿ ತಗೊಂಡ ಜಾಣೆ” ಎಂದು ಮನೆಮನೆಯಲ್ಲಿ ನಕ್ಕರು. ನಗಲಿ. ಮೇಲಿರುವವನ ತಕ್ಕಡಿ ಅವರ ಅಂಗಡಿಯದಲ್ಲ.

ಆಕೆ ಗುಂಡಿಯ ಸುತ್ತ ಬೇಲಿ ಹಾಕಿಸಿ, ಹಲಗೆಯನ್ನು ಹೊರಗೆ ತಂದು ಬೇಲಿಗೆ ತಗುಲಿಸಿದಳು. ಬಿಲ್ಲೆಯ ಅಂಕಿಗಳನ್ನು ಒಂದೊಂದಾಗಿ ಬಸ್ಸಿನಲ್ಲಿ ಕೇಳತೊಡಗಿದಳು. ಈ ಸಲ ಯಾರೂ ಕಿಟಕಿಯತ್ತ ತಿರುಗಲಿಲ್ಲ. “ಇಪ್ಪತ್ತೆರಡಾ? ನಮ್ಮ ಚಿಕ್ಕಜ್ಜಂದು ಇರಬೇಕು ತಾಯಿ” ಎಂದು ಒಬ್ಬ ಎದ್ದುಬಂದ. ಬುಟ್ಟಿಯ ಅಜ್ಜಿ ಒಂದು ಸಂತೆಯ ದಿನ ಸಂತೆಗೆ ಹೋಗದೆ ಆ ಹೊಲದ ಬಳಿಯೇ ಇಳಿದಳು. ಬೇಲಿಯ ಪಕ್ಕ ಬಹಳ ಹೊತ್ತು ಕುಳಿತಳು. ಬಳಿಕ ಮೊಳೆಯಿಂದ ಹದಿನೇಳನ್ನು ತೆಗೆದು ಸೆರಗಿನ ತುದಿಗೆ ಗಂಟು ಹಾಕಿ, “ನಡಿಯಪ್ಪ, ಮನೆಗೆ ಹೋಗೋಣ” ಎಂದಳು.

ಭಾವ ನಡುಮನೆಯ ಗೋಡೆಯಲ್ಲಿ ಉಳಿದ ಗುರುತಿನ ಮೇಲೆ ದೊಡ್ಡ ಗಡಿಯಾರ ತೂಗುಹಾಕಿದ್ದಾನೆ. ಅದೂ ತಾತನದೇ ಎಂದು ಹೇಳುವುದನ್ನು ಆಗಲೇ ಕಲಿತಿದ್ದಾನೆ. ಕಂಡಕ್ಟರಮ್ಮ ಇನ್ನೂ ಕೇಳುತ್ತಲೇ ಇದ್ದಾಳೆ. ಹಲವು ಬಿಲ್ಲೆಗಳಿಗೆ ಇನ್ನೂ ಯಾರೂ ಬಂದಿಲ್ಲ.

ಪ್ರಿಯರೇ, ನಿಮ್ಮ ಮನೆಗಳಲ್ಲೂ ಹಿರಿಯರು ಬಿಟ್ಟುಹೋದ ಹೊಳೆಯುವ ವಸ್ತುವಿದ್ದೀತು, ನಿಮ್ಮ ಹೊಲದಲ್ಲೂ ಯಾರೂ ಮಾತಾಡದ ಒಂದು ಮೂಲೆಯಿದ್ದೀತು. ಅದನ್ನು ಬೆಳಗುವ ಮುನ್ನ, ಮಾರುವ ಮುನ್ನ, ‘ಇದು ಯಾರದು?’ ಎಂದು ಹೊರಗಿನವರನ್ನು ಕೇಳಿರಿ. ಬಂದ ಉತ್ತರ ನಿಮ್ಮ ತಾತನನ್ನು ಕುಗ್ಗಿಸಿದರೆ ಕುಗ್ಗಲಿ. ವಸ್ತುವನ್ನು ಅದರವರಿಗೆ ಮುಟ್ಟಿಸಿರಿ. ಒಳ್ಳೆಯ ಹೊಲ ಕೈಬಿಟ್ಟರೂ ಸರಿ, ನೀವೂ ಹಾಗೆಯೇ ಮಾಡಿರಿ.