ಪೂಜೆಗಿಟ್ಟ ವಾಟರ್ ಪಂಪು

ಹಂಪಾಪುರದ ಮಾಯಮ್ಮ ಜಗಳಗಂಟಿಯಲ್ಲ. ಆಗಿದ್ದರೆ ಸರಗೂರಿನ ಮೆಕ್ಯಾನಿಕ್ ಕುಳ್ಳಯ್ಯ ಬಚಾವಾಗುತ್ತಿದ್ದ. ಜಗಳ ಆಡುವವರ ಸಿಟ್ಟು ಬಾಯಲ್ಲೇ ಖರ್ಚಾಗಿ ಹೋಗುತ್ತದೆ. ಮಾಯಮ್ಮ ಸಿಟ್ಟನ್ನು ಉಪ್ಪಿನಕಾಯಿ ಜಾಡಿಯ ಹಾಗೆ ಬಾಯಿ ಕಟ್ಟಿ ಎತ್ತಿಟ್ಟು, ಹದ ಬರುವ ತನಕ ಕಾಯುವ ಹೆಂಗಸು.

ಅವಳ ಗಂಡ ಸಿದ್ದಯ್ಯ ಇಪ್ಪತ್ತು ವರ್ಷದಿಂದ ಟ್ರಿಪ್ ಜೀಪು ಓಡಿಸುತ್ತಿದ್ದ. ಹಂಪಾಪುರದಿಂದ ತಾಲ್ಲೂಕು ಊರಾದ ಕೋಟೆಗೆ, ಅಲ್ಲಿಂದ ಸರಗೂರಿಗೆ. ಒಳಗೆ ಹತ್ತು ಜನ, ಹಿಂದೆ ನೇತಾಡುವವರು ನಾಲ್ಕು ಜನ. ಅಷ್ಟು ವರ್ಷದಲ್ಲಿ ರಸ್ತೆಗೆ ಅಡ್ಡ ಬಂದ ಒಂದು ಕೋಳಿಯೂ ಅವನ ಚಕ್ರಕ್ಕೆ ಸಿಕ್ಕಿರಲಿಲ್ಲ. ಸಿದ್ದಯ್ಯನ ಜೀಪಾದರೆ ತುಂಬು ಬಸುರಿಯನ್ನೂ ಧೈರ್ಯವಾಗಿ ಹತ್ತಿಸಬಹುದು ಎನ್ನುತ್ತಿದ್ದರು. ಅವನ ಆಸ್ತಿ ಅಂತ ಇದ್ದದ್ದು ಆ ಹೆಸರು ಮತ್ತು ಆ ಜೀಪು.

ತೊಂಬತ್ತೆಂಟರ ಶ್ರಾವಣದಲ್ಲಿ ಜೀಪಿನ ವಾಟರ್ ಪಂಪು ತೊಟ್ಟಿಕ್ಕತೊಡಗಿತು. ಕುಳ್ಳಯ್ಯ ಮೈಸೂರಿನಿಂದ ಹೊಸದು ತರಿಸಿದ್ದೇನೆ ಎಂದು ಬೆಳ್ಳಿಯ ಹಾಗೆ ಫಳಫಳ ಹೊಳೆಯುವ ಪಂಪು ಕೂರಿಸಿಕೊಟ್ಟ. ಒಂಬತ್ತನೇ ದಿನ ಹ್ಯಾಂಡ್‌ಪೋಸ್ಟ್ ಕೂಡುರಸ್ತೆ ದಾಟಿದ ಮೇಲೆ ಏರಿನಲ್ಲಿ ಇಂಜಿನ್ ಕುದಿಯಿತು. ಬಿಸಿ ರೇಡಿಯೇಟರಿನ ಮುಚ್ಚಳ ತೆಗೆಯಬಾರದೆಂದು ಸಿದ್ದಯ್ಯನಿಗೆ ಗೊತ್ತಿಲ್ಲದೆ ಇಲ್ಲ. ಆದರೆ ಪಂಪು ಹೊಸದು, ನೀರು ಒಂದಿಷ್ಟು ಕಮ್ಮಿಯಾಗಿರಬೇಕು ಅಷ್ಟೇ ಎಂದುಕೊಂಡ. ಸ್ವಲ್ಪ ಹೊತ್ತು ಬಿಟ್ಟು, ಗೋಣಿಚೀಲ ಹಾಕಿ ಮುಚ್ಚಳವನ್ನು ಅರ್ಧ ತಿರುಗಿಸಿದ. ಕುದಿನೀರು ಚಿಮ್ಮಿ ಬಲಗೈ ಬೆಂದುಹೋಯಿತು. ಕೋಟೆಯ ಆಸ್ಪತ್ರೆಯಲ್ಲಿ ಹನ್ನೆರಡು ದಿನ ಮಲಗಿದ. ಗಾಯ ಮಾಗಿತು, ಮೂರು ಬೆರಳು ಮಾತ್ರ ಮಡಚದೆ ನಿಂತವು.

ಮಾಯಮ್ಮ ಗ್ಯಾರೇಜಿಗೆ ಹೋಗಿ, ಅಣ್ಣಾ, ಪಂಪಿನಲ್ಲೇನಾದರೂ ತಪ್ಪಿತ್ತಾ ಎಂದು ಮೆಲ್ಲಗೆ ಕೇಳಿದಳು. ಅವಳ ಮನೆಯಲ್ಲಿ ಎಷ್ಟೋ ಸಲ ಮುದ್ದೆ ಉಂಡಿದ್ದ ಕುಳ್ಳಯ್ಯ, ಸುತ್ತ ನಿಂತಿದ್ದ ಡ್ರೈವರುಗಳ ಮುಂದೆ ನಕ್ಕುಬಿಟ್ಟ.

"ಪಂಪು ಒಸದು ಕಣಕ್ಕ. ಕುದಿಯೋ ಮುಚ್ಚಳುಕ್ಕೆ ಕೈ ಆಕೋ ಡ್ರೈವರ್ಗೆ ನಾನೇನ್ ಮಾಡ್ಲಿ?"

ಆ ಮಾತು ಜೀಪುಗಳ ಜೊತೆಗೇ ಊರೂರು ತಿರುಗಿತು. ಸಿದ್ದಯ್ಯ ಮತ್ತೆ ಸ್ಟ್ಯಾಂಡಿಗೆ ಬಂದಾಗ ಜನ ಅವನ ಜೀಪನ್ನು ಬಿಟ್ಟು ಹಿಂದಿನದಕ್ಕೆ ಕಾದರು. ಬೆಂದ ಕೈ ನೋಡಿ ಅಳದಿದ್ದ ಅವನು ಅವತ್ತು ಖಾಲಿ ಜೀಪು ತಂದು ಮನೆ ಮುಂದೆ ನಿಲ್ಲಿಸಿ ಅತ್ತ. ಮಾಯಮ್ಮ ಅದನ್ನು ನೋಡಿದಳು. ಮನಸ್ಸಿನೊಳಗೆ ಜಾಡಿಯ ಬಾಯಿ ಕಟ್ಟಿದ್ದು ಅವತ್ತೇ.

ಪಂಪು ಮತ್ತೆ ಸೋರುತ್ತಿತ್ತು. ತಂದರೆ ಸರಿಮಾಡಿಕೊಡುತ್ತೇನೆ ಎಂದು ಕುಳ್ಳಯ್ಯ ಹೇಳಿಕಳಿಸಿದ. ಅವನ ಕೈ ಇನ್ನು ನಮ್ಮ ಜೀಪಿಗೆ ತಾಗಕೂಡದು ಎಂದಳು ಮಾಯಮ್ಮ. ತಾನೇ ಬಸ್ಸು ಹತ್ತಿ ಮೈಸೂರಿಗೆ ಹೋಗಿ ಹೊಸ ಪಂಪು, ಗ್ಯಾಸ್ಕೆಟ್ ತಂದಳು. ಹೊಂಗೆಮರದ ಕೆಳಗೆ ಜೀಪು ನಿಲ್ಲಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಪಾನಾ ಹಿಡಿದಳು. ಸಿದ್ದಯ್ಯ ಒರಳುಕಲ್ಲಿನ ಮೇಲೆ ಕೂತು ಹೇಳುತ್ತಾ ಹೋದ. ಮೊದಲು ಇಂಜಿನ್ ಪೂರ್ತಿ ತಣ್ಣಗಿದೆಯಾ ಮುಟ್ಟಿ ನೋಡು. ರೇಡಿಯೇಟರಿನ ನೀರು ಬಾಣಲೆಗೆ ಬಿಡು. ಬೆಲ್ಟು ಸಡಿಲಿಸಿ ತೆಗಿ, ಆಮೇಲೆ ಫ್ಯಾನು, ಆಮೇಲೆ ಪೈಪು. ಯಾವ ಬೋಲ್ಟು ಎಲ್ಲಿಯದೆಂದು ಮರೆಯದಿರಲು ಅವಳು ಮೊರದಲ್ಲಿ ರಾಗಿ ಹರಡಿ, ಬಿಚ್ಚಿದ ಬೋಲ್ಟುಗಳನ್ನು ಪಂಪಿನಲ್ಲಿ ಇದ್ದ ಜಾಗದಂತೆಯೇ ಅದರಲ್ಲಿ ನಿಲ್ಲಿಸಿಕೊಂಡಳು. ಮೆಕ್ಯಾನಿಕ್ಕುಗಳಿಗೂ ಹೊಳೆಯದ ಉಪಾಯ ಅದು. ಅಂಟಿಕೊಂಡಿದ್ದ ಹಳೇ ಗ್ಯಾಸ್ಕೆಟ್ಟನ್ನು ಮಡಕೆಯ ತಳ ಕೆರೆಯುವಷ್ಟು ಶ್ರದ್ಧೆಯಿಂದ ಕೆರೆದಳು. ಹೊಸ ಪಂಪು ಕೂರಿಸಿ, ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿದು, ನೀರು ತುಂಬಿದಳು. ಅರ್ಧ ಗಂಟೆ ಇಂಜಿನ್ ಓಡಿಸಿದರೂ ಒಂದು ಹನಿ ಬೀಳಲಿಲ್ಲ.

ಪಾತ್ರೆ ತಿಕ್ಕಿ ಅಭ್ಯಾಸವಾದ ಕೈ ಸುಮ್ಮನಿರುತ್ತದೆಯೇ? ಬಿಚ್ಚಿದ ಪಂಪನ್ನು ಸೀಮೆಎಣ್ಣೆಯಲ್ಲಿ ಅದ್ದಿ ತೆಂಗಿನ ನಾರಿನಿಂದ ತಿಕ್ಕಿದಳು. ಬೆಳ್ಳಿ ಹೊಳಪು ಕರಗಿ ನಾರಿಗೆ ಮೆತ್ತಿತು. ಕೆಳಗೆ ಹಳೇ ತುಕ್ಕು, ಬೋಲ್ಟು ಕೂರುವ ಮೂಲೆಯ ಕಿವಿಯಲ್ಲಿ ಹಿತ್ತಾಳೆಯ ಹಳದಿ ಬೆಸುಗೆ. ಸಿದ್ದಯ್ಯ ಎದ್ದು ಬಂದು ನೋಡಿದ. ಸರಗೂರಿನ ಜೀಪು ಡ್ರೈವರ್ ಶಶಿಯ ಜೊತೆ, ಶಶಿಯ ಜೀಪಿನ ಕಿವಿ ಮುರಿದ ಪಂಪಿಗೆ ಮೈಸೂರಿನಲ್ಲಿ ಆ ಬೆಸುಗೆ ಹಾಕಿಸಲು ಎರಡು ವರ್ಷದ ಹಿಂದೆ ಹೋಗಿದ್ದವನು ಸಿದ್ದಯ್ಯನೇ. ಆಮೇಲೆ ಅದೂ ಕೆಟ್ಟಿದ್ದರಿಂದ ಶಶಿ ಹೊಸದು ಹಾಕಿಸಿ, ಹಳೆಯದನ್ನು ಕುಳ್ಳಯ್ಯನ ಗ್ಯಾರೇಜಿನ ಗುಜರಿಗೆ ಬಿಟ್ಟು ಬಂದಿದ್ದ. ಕುಳ್ಳಯ್ಯ ಗುಜರಿಗೆ ಬಣ್ಣ ಬಳಿದು ಮಾರಿದ್ದ.

ಸಿದ್ದಯ್ಯ ಆಗಲೇ ಹೊರಟು ನಿಂತ. ಮಾಯಮ್ಮ ಅವನನ್ನು ತಡೆದಳು. "ಸುಮ್ಕಿರು. ಅವ್ನು ಎಲ್ರು ಮುಂದೆ ನಕ್ಕವ್ನೆ. ಎಲ್ರೂ ಸೇರೋಗಂಟ ಕಾಯಾನ."

ಎಲ್ಲರೂ ಸೇರುವುದು ಆಯುಧಪೂಜೆಗೆ. ಕುಳ್ಳಯ್ಯನ ಕೈಯಲ್ಲಿ ರಿಪೇರಿಯಾದ ಗಾಡಿಗಳೆಲ್ಲ ಅವತ್ತು ಗ್ಯಾರೇಜಿನ ಮುಂದೆ ಸಾಲಾಗಿ ನಿಲ್ಲುತ್ತವೆ. ಮಾಲೀಕರು ತಮ್ಮ ಗಾಡಿಯ ಕೀಲಿಯನ್ನು ಚಾಮುಂಡಿ ಪಟದ ಮುಂದಿನ ಹಿತ್ತಾಳೆ ತಟ್ಟೆಗೆ ಹಾಕುತ್ತಾರೆ. ಕುಳ್ಳಯ್ಯ ಮಂಗಳಾರತಿ ಮಾಡಿ, ಕೀಲಿಗೆ ಕುಂಕುಮ ಹಚ್ಚಿ ಹಿಂದಿರುಗಿಸಿ, ಗಾಡಿಗೊಂದರಂತೆ ಬೂದಗುಂಬಳ ಒಡೆಯುತ್ತಾನೆ. ಅವತ್ತಿನ ಮಟ್ಟಿಗೆ ಅವನೇ ಪೂಜಾರಿ, ಅವನೇ ದೊರೆ.

ಮಾಯಮ್ಮ ರೇಷ್ಮೆ ಸೀರೆ ಉಟ್ಟು, ತಲೆ ತುಂಬ ಹೂ ಮುಡಿದು, ಗಂಡನ ಜೊತೆ ಜೀಪಿನಲ್ಲಿ ಬಂದಿಳಿದಳು. ಬಂದಳಲ್ಲ, ಮರೆತಿದ್ದಾಳೆ ಎಂದುಕೊಂಡು ಕುಳ್ಳಯ್ಯ ಹಲ್ಲು ಕಿರಿದ. ಅವಳು ಸೆರಗಿನ ಮರೆಯಿಂದ ಕೆಂಪು ಬಟ್ಟೆಯ ಗಂಟು ತೆಗೆದು, ಬಿಚ್ಚಿ, ಕೀಲಿಗಳ ಮೇಲೆ ದಡಾರನೆ ಪಂಪು ಇಟ್ಟಳು. ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಸೇವಂತಿಗೆ ಹಾರ ಹಾಕಿದ್ದಳು.

"ಇದುಕ್ಕೂ ಆರ್ತಿ ಎತ್ತಣ್ಣ. ನೀನು ಮೈಸೂರಿಂದ ತರಿಸಿದ ಒಸ ಪಂಪು."

ಮುಂದೆ ನಿಂತಿದ್ದ ಶಶಿ ಬಗ್ಗಿ ನೋಡಿದ. ಕೈಗೆತ್ತಿಕೊಂಡು ಹಿತ್ತಾಳೆ ಬೆಸುಗೆಯ ಮೇಲೆ ಹೆಬ್ಬೆರಳು ಆಡಿಸಿದ. ಇದು ನನ್ನದು, ಗುಜರಿಗೆ ಬಿಟ್ಟಿದ್ದೆ ಎಂದ. ಕುಳ್ಳಯ್ಯನ ಮುಖ ಕಪ್ಪಿಟ್ಟಿತು. ಒಳಗೆ ಬಾ, ಮಾತಾಡೋಣ, ಬೇರೆ ಪಂಪು ಕೊಡುತ್ತೇನೆ, ಆಸ್ಪತ್ರೆ ಖರ್ಚೂ ಕೊಡುತ್ತೇನೆ ಎಂದು ತಡವರಿಸಿದ.

"ಏನೂ ಬ್ಯಾಡ. ಅವತ್ತು ಮಾತಾಡ್ದಲ್ಲ, ಅದೇ ಬಾಯಲ್ಲಿ ಇದು ಯಂಗಾಯ್ತು ಅಂತ ಯೋಳು."

ಕುಳ್ಳಯ್ಯ ಗುಜರಿ ಪಂಪು ಹಾಕಿದ್ದು ಹೌದು, ಸಿದ್ದಣ್ಣನದು ತಪ್ಪಿಲ್ಲ ಎಂದು ಗೊಣಗಿದ. ಹಿಂದಿನವರಿಗೆ ಕೇಳಿಸಲಿಲ್ಲ ಎಂದಳು ಮಾಯಮ್ಮ. ಇನ್ನೊಮ್ಮೆ ಹೇಳಿದ. ರಸ್ತೆಯಾಚೆಯವರಿಗೂ ಕೇಳಲಿ ಎಂದಳು. ಮೂರನೇ ಸಲ ಅವನು ರಸ್ತೆಯ ಕಡೆ ತಿರುಗಿ ಕೂಗಿ ಹೇಳಿದ. ಅವಳಿಗೆ ಒಂದು ಚೂರೂ ಅಯ್ಯೋ ಅನಿಸಲಿಲ್ಲ, ಹಿತವಾಯಿತು.

ಶಶಿ ತಟ್ಟೆಯಿಂದ ತನ್ನ ಕೀಲಿ ಎತ್ತಿಕೊಂಡ. ಅವನ ಹಿಂದೆ ಉಳಿದವರೂ ಒಬ್ಬೊಬ್ಬರೇ ಎತ್ತಿಕೊಂಡು ಗಾಡಿ ತಿರುಗಿಸಿದರು. ಕುಳ್ಳಯ್ಯ ಒಡೆಯದ ಕುಂಬಳಕಾಯಿಗಳ ನಡುವೆ ನಿಂತಿದ್ದ. ತಟ್ಟೆಯಲ್ಲಿ ಪಂಪೊಂದೇ ಉಳಿದಿತ್ತು. ಮಾಯಮ್ಮ ಅದನ್ನೂ ಅವನಿಗೆ ಬಿಡದೆ, ಬಟ್ಟೆಯಲ್ಲಿ ಸುತ್ತಿ ಕಂಕುಳಿಗೆ ಇಟ್ಟುಕೊಂಡಳು.

ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಸುದ್ದಿ ಅವರಿಗಿಂತ ಮೊದಲು ಬಂದಿತ್ತು. ಹಬ್ಬಕ್ಕೆ ಬಂದಿದ್ದ ಬಸುರಿಯೊಬ್ಬಳನ್ನು ಅವಳ ತಾಯಿ ಕೈಹಿಡಿದು ಸಿದ್ದಯ್ಯನ ಜೀಪಿಗೇ ಹತ್ತಿಸಿದಳು. ಅವಳ ಹಿಂದೆ ಉಳಿದವರು ನುಗ್ಗಿದರು. ನೇತಾಡುವುದಕ್ಕೂ ಜಾಗ ಉಳಿಯಲಿಲ್ಲ.

ಕೋಟೆ ದಾಟಿದ ಮೇಲೆ ಸಿದ್ದಯ್ಯ ಮೆಲ್ಲಗೆ ಕೇಳಿದ. "ಸಾಕು ಬುಡು ಕಣೆ. ಈಗ್ಲಾದ್ರೂ ಒಟ್ಟೆ ತಣ್ಗಾಯ್ತಾ?"

ಮಾಯಮ್ಮ ಸ್ಟೀರಿಂಗಿನ ಮೇಲಿದ್ದ ಅವನ ಬಲಗೈ ನೋಡಿದಳು. ಮೂರು ಬೆರಳು ನೆಟ್ಟಗೆ ನಿಂತಿದ್ದವು.

"ಅವು ಮಡುಚ್ಲಿ, ಆಮ್ಯಾಕೆ ಯೋಳ್ತೀನಿ," ಎಂದು ತೊಡೆಯ ಮೇಲಿನ ಪಂಪನ್ನು ಇನ್ನಷ್ಟು ಭದ್ರವಾಗಿ ಹಿಡಿದುಕೊಂಡಳು.