ಬಾಡಿಗೆಗೆ ಕೊಟ್ಟ ಅಪ್ಪ

ಮೊದಲೇ ಹೇಳಿಬಿಡುತ್ತೇನೆ: ನಮ್ಮಪ್ಪನನ್ನು ಆ ಹಾಸ್ಯಗಾರನ ಕೈಗೆ ಕೊಟ್ಟವನು ನಾನೇ. ಅದೂ ಒಂದು ಬೈಟು ಕಾಫಿಗೆ.

ಎಂಬತ್ತರ ದಶಕದ ಆರಂಭ. ಬ್ಯಾಟರಾಯನಪುರದ ಸ್ಕೂಲ್ ಮೈದಾನದಲ್ಲಿ ನಮ್ಮ ಯುವಕರ ಸಂಘ ಕಲೋತ್ಸವ ಇಟ್ಟಿತ್ತು. ಭರತನಾಟ್ಯ, ಆರ್ಕೆಸ್ಟ್ರಾ, ನಡುವೆ ಒಬ್ಬನೇ ಮೈಕ್ ಹಿಡಿದು ನಗಿಸುವ ಹಾಸ್ಯಗಾರ. ಸ್ಟ್ಯಾಂಡ್-ಅಪ್ ಎಂಬ ಹೆಸರು ನಮಗಿನ್ನೂ ಗೊತ್ತಿರಲಿಲ್ಲ. ಕರಪತ್ರದಲ್ಲಿ 'ನಗೆ ಐಟಂ' ಎಂದಿತ್ತು. ಈ ಹಾಸ್ಯಗಾರರದೊಂದು ಪದ್ಧತಿ. ಹೋದ ಕಡೆಯಲ್ಲೆಲ್ಲ ಸ್ಥಳೀಯನೊಬ್ಬನನ್ನು ಹಿಡಿದು, ಅಲ್ಲಿ ಎಲ್ಲರಿಗೂ ಗೊತ್ತಿರುವ ಒಬ್ಬಿಬ್ಬರ ದನಿ, ಹಾವಭಾವ ಕಲಿತುಕೊಳ್ಳುವುದು; ಸಂಜೆ ಅದನ್ನೇ ವೇದಿಕೆಯ ಮೇಲೆ ಬಿಡುವುದು. ಆವತ್ತು ಸಿಕ್ಕಿದವನು ನಾನು. ಕಣ್ಣಿಗೆ ಬೀಳುವಷ್ಟು ಕೂದಲು ಬಿಟ್ಟುಕೊಂಡು, ಇಡೀ ಏರಿಯಾವನ್ನು ಅಣಕಿಸುತ್ತಾ, ಯಾರೂ ಸಿಗದಿದ್ದರೆ ಕನ್ನಡಿಯಲ್ಲಿದ್ದವನನ್ನೂ ಬಿಡದ ಪ್ರಾಣಿ.

ಶಾಮಿಯಾನದ ಹಿಂದೆ ನಿಂತು ಮೊದಲು ನಮ್ಮ ಬೀದಿಯ ಟೈಲರ್ ಭಾಯಿಯನ್ನು ಮಾಡಿ ತೋರಿಸಿದೆ. ಆಮೇಲೆ ಅಪ್ಪನನ್ನು. ಅಪ್ಪನದು ಬಾಡಿಗೆ ಸೈಕಲ್ ಅಂಗಡಿ. ಅಲ್ಲಿಂದ ಸೈಕಲ್ ಒಯ್ಯದ ಹುಡುಗ ಆ ಸುತ್ತಿನಲ್ಲಿರಲಿಲ್ಲ. ಒಂದು ಕಣ್ಣು ಮುಚ್ಚಿ, ಟೈರ್ ಒತ್ತುತ್ತಾ ಅಪ್ಪ ವಿಚಾರಣೆ ನಡೆಸುತ್ತಿದ್ದ: "ಯಾರ್ ಮಗನೋ ನೀನು? ಹೆಬ್ಬಾಳದ್ ಕಡೆ ಹೋಗೋದಾದ್ರೆ ನಿಮ್ಮಪ್ಪನ್ನ ಕರ್ಕೊಂಡ್ ಬಾ."

ಸಂಜೆ ಹೊತ್ತು ಅಪ್ಪ ಅಂಗಡಿ ಬಿಟ್ಟು ಕದಲುವವನಲ್ಲ ಎಂಬುದೇ ನನ್ನ ಧೈರ್ಯ. ಆದರೆ ಆರ್ಕೆಸ್ಟ್ರಾದವರ ಜೊತೆ ಮಿಮಿಕ್ರಿ ಮಾಡಲು ಹೋಗುತ್ತೇನೆಂದು ನಾನು ಅವನ ತಲೆ ತಿನ್ನುತ್ತಿದ್ದೆನಲ್ಲ, ಆ ಸಂಜೆ ಅಂಗಡಿಗೆ ಬೀಗ ಹಾಕಿ, ಇಸ್ತ್ರಿ ಶರ್ಟು ತೊಟ್ಟು ಬಂದೇಬಿಟ್ಟ.

"ಆ ಕಸುಬೇನು ಅಂತ ನೋಡ್ತೀನಿ. ಹೋಗೋದೋ ಬೇಡ್ವೋ ಅಂತ ಆಮೇಲ್ ಹೇಳ್ತೀನಿ," ಎಂದವನೇ ಎರಡನೇ ಸಾಲಿನಲ್ಲಿ ಭಾಯಿಯ ಪಕ್ಕ ಕೂತ.

ನನಗೆ ಕೂತಲ್ಲಿ ಕೂರಲಾಗಲಿಲ್ಲ. ವೇದಿಕೆಯ ಹಿಂದಕ್ಕೆ ಓಡಿದೆ. ರಿಬ್ಬನ್ ಬ್ಯಾಡ್ಜ್ ಸಿಕ್ಕಿಸಿಕೊಂಡಿದ್ದ ಗೆಳೆಯ ಅಡ್ಡ ನಿಂತ.

"ಒಳಗೆ ಬಿಡಲ್ಲ ಕಣೋ. ಕಲಾವಿದ್ರು ಮೇಕಪ್ಪಲ್ಲಿದ್ದಾರೆ."

"ಮಗಾ, ಒಂದ್ ನಿಮಿಷ. ನಮ್ಮಪ್ಪನ್ನ ವಾಪಸ್ ಇಸ್ಕೋಬೇಕು."

"ನಿಮ್ಮಪ್ಪ ಅಲ್ಲೇ ಕೂತವ್ರಲ್ಲೋ, ಕಡ್ಲೇಕಾಯ್ ತಿಂತಾ!"

ನಾನು ವಾಪಸ್ ಬಂದು ಕೂರುವಷ್ಟರಲ್ಲಿ ಹಾಸ್ಯಗಾರ ವೇದಿಕೆಗೆ ಬಂದ. ಬಾಯಲ್ಲೇ ಯಶವಂತಪುರಕ್ಕೆ ಗೂಡ್ಸ್ ರೈಲು ತಂದು ನಿಲ್ಲಿಸಿದ. ಎರಡು ನಾಯಿಗಳ ಜಗಳ ಮಾಡಿದ. ರೇಡಿಯೋ ಸ್ಟೇಷನ್ ತಿರುಗಿಸಿದ. ಒಂದೊಂದು ಮುಗಿದಾಗಲೂ ಇದೇ ಕೊನೆಯದಾಗಲಿ ಎಂದು ಬೇಡಿಕೊಂಡೆ. ಎದ್ದೆ, ಕೂತೆ, ಮತ್ತೆ ಎದ್ದೆ, ಹಿಂದಿನವರು ಬೈದರು. ಟೈಲರ್ ಭಾಯಿಯ ಸರದಿ ಬಂತು, ಭಾಯಿಯೇ ತೊಡೆ ತಟ್ಟಿಕೊಂಡು ನಕ್ಕರು.

ಆಮೇಲೆ ಅವನು ಒಂದು ಕಣ್ಣು ಮುಚ್ಚಿದ. ಗಾಳಿಯಲ್ಲಿ ಟೈರ್ ಒತ್ತಿದ. ಹಣೆಯ ಮೇಲಿನ ಕೂದಲನ್ನು ಮಣಿಕಟ್ಟಿನಿಂದ ಹಿಂದಕ್ಕೆ ತಳ್ಳಿ, ಮೂಗೆಳೆದು, "ಯಾರ್ ಮಗನೋ ನೀನು?" ಎಂದ.

ಮೈದಾನವೇ ಬಿದ್ದು ಬಿದ್ದು ನಕ್ಕಿತು. ಗೆಳೆಯರೆಲ್ಲ ತಿರುಗಿ ನನ್ನತ್ತ ಬೆರಳು ತೋರಿಸಿ ನಕ್ಕರು. ಮಗನಲ್ಲವೇ, ಅದಕ್ಕಿರಬೇಕು ಎಂದುಕೊಂಡೆ. "ಅಣ್ಣಾ, ನಿಮ್ದೇ ಅಂಗ್ಡಿ ಇದು!" ಎಂದು ಭಾಯಿ ಕೂಗಿದ್ದು ನನ್ನವರೆಗೂ ಕೇಳಿಸಿತು. ಅಪ್ಪ ನಗಲಿಲ್ಲ, ಎದ್ದು ಹೋಗಲೂ ಇಲ್ಲ. ಚಕ್ರ ಎಲ್ಲಿ ಸೊಟ್ಟಗಾಗಿದೆ ಎಂದು ಪರೀಕ್ಷಿಸುವವನ ಹಾಗೆ ಕತ್ತು ಓರೆ ಮಾಡಿ ನೋಡುತ್ತಿದ್ದ.

ಮನೆಯ ದಾರಿಯಲ್ಲಿ ಅಪ್ಪ ಸೈಕಲ್ ತಳ್ಳುತ್ತಿದ್ದ. ನಾನು ಒಮ್ಮೆ ಅವನ ಎಡಕ್ಕೆ ಬಂದೆ, ಒಮ್ಮೆ ಬಲಕ್ಕೆ. ಕೊನೆಗೆ ತಡೆಯಲಾಗಲಿಲ್ಲ.

"ಬೇಜಾರಾಯ್ತೇನಪ್ಪಾ?"

"ನೀನ್ ಹೇಳ್ಕೊಟ್ಟಿದ್ದು ತಾನೆ?"

"ಹೂಂ."

ಬೀದಿದೀಪದ ಕೆಳಗೆ ಅಪ್ಪ ಸೈಕಲ್ ನಿಲ್ಲಿಸಿದ. ಹಣೆಯಿಂದ ಹಿಡಿದು ಹೆಡತಲೆಯ ತನಕ ಫಳಫಳ ಹೊಳೆಯುತ್ತಿದ್ದ ತನ್ನ ಬೋಳು ತಲೆಯ ಮೇಲೆ ಒಮ್ಮೆ ಕೈಯಾಡಿಸಿದ.

"ಹಿಂದಕ್ ತಳ್ಳೋಕೆ ಇಲ್ಲಿ ಕೂದ್ಲೆಲ್ಲಿದೆಯೋ? ಅವ್ನು ಮಾಡಿದ್ದು ನನ್ನನ್ನಲ್ಲ, ನಿನ್ನನ್ನ. ಮೊದ್ಲು ನನ್ನನ್ನ ಸರಿಯಾಗಿ ಮಾಡೋದ್ ಕಲಿ, ಆರ್ಕೆಸ್ಟ್ರಾ ಆಮೇಲೆ."